ಹಿಂದಿನ ಸೀಟಿನ ಕೆಳಗಿನ ಸ್ವಿಚ್ಚು

ಕುಂಬ್ರದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ರಿಪೇರಿಗೆ ಬರುವುದೆಲ್ಲ ತೋಟದ ಪಂಪುಗಳು: ಬಾವಿಯವು, ಬೋರ್‌ವೆಲ್ಲಿನವು, ಸಿಡಿಲಿಗೆ ಸುಟ್ಟವು. ದೋಣಿಯ ಪಂಪು ನನ್ನ ಮೇಜಿನ ಮೇಲೆ ಬಂದು ಕೂತದ್ದು ಒಮ್ಮೆ ಮಾತ್ರ.

ಅದನ್ನು ತಂದವರು ಕಡಬದ ಕಡೆಯ, ಕುಮಾರಧಾರೆಯ ದಡದ ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಬಸ್ಸಿಳಿದು ನೇರ ಅಂಗಡಿಗೆ ಬಂದು, ಚೀಲದೊಳಗಿನದನ್ನು ಮೇಜಿನ ಮೇಲಿಟ್ಟರು. ಅಂಗೈಯಗಲದ ಪಂಪು, ಅದಕ್ಕೆ ಉದ್ದನೆಯ ವಯರು, ವಯರಿನ ತುದಿಯಲ್ಲಿ ಒಂದು ಸ್ವಿಚ್ಚು. ಎಲ್ಲದರ ಮೇಲೂ ಒಣಗಿದ ಕೆಸರು.

"ಇದು ಎಂತ ಪಂಪು?" ಎಂದೆ.

"ದೋಣಿಯೊಳಗೆ ನೀರು ಬಂದರೆ ಹೊರಗೆ ಹಾಕುದು. ಬ್ಯಾಟರಿಯದ್ದು."

"ಇದು ಪೂರಾ ನೀರು ಕುಡಿದಿದೆ. ಹೊಸತು ತಕ್ಕೊಳ್ಳುದು ಒಳ್ಳೇದು."

"ಹೊಸತು ತಕ್ಕೊಳ್ತೇನೆ. ನೀವೇ ಬಂದು ಕೂರಿಸಿ ಕೊಡ್ಬೇಕು. ಆದರೆ ಮೊದಲು ಇದನ್ನು ಬಿಚ್ಚಿ ನೋಡಿ. ಯಾಕೆ ಓಡ್ಲಿಲ್ಲ ಅಂತ ನಂಗೆ ಗೊತ್ತಾಗ್ಬೇಕು."

ಸ್ಟೂಲು ಕೊಟ್ಟೆ. ಕೂತು, ಅವಸರವಿಲ್ಲದೆ ಹೇಳಿದರು. ಅವರ ತಂದೆ ಅಲ್ಲಿನ ಕಡವಿನಲ್ಲಿ, ಜನ ಹೊಳೆ ದಾಟುವ ಜಾಗದಲ್ಲಿ, ಮರದ ದೋಣಿ ನಡೆಸುತ್ತಿದ್ದವರು; ಇವರೂ ಸಣ್ಣಂದಿನಿಂದ ಹುಟ್ಟು ಹಾಕಿ ಬೆಳೆದವರು. ಮದುವೆಯಾಗಿ ಆ ಮನೆಗೇ ಬಂದ ಗಂಡ, ಮಾವನ ಕಾಲದ ನಂತರ ಕಡಲ ತೀರದಿಂದ ಹಳೆಯ ಫೈಬರ್ ದೋಣಿಯೊಂದನ್ನು ತಂದರು. ಅದಕ್ಕೆ ಎಂಜಿನ್, ಬ್ಯಾಟರಿ, ಈ ಪಂಪು ಎಲ್ಲ ಇತ್ತು. ಅವರು ಅಂಗಡಿಗೆ ಬಂದದ್ದರ ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ಜನರನ್ನು ಆಚೆ ದಡಕ್ಕೆ ಇಳಿಸಿ ಒಬ್ಬರೇ ವಾಪಸು ಬರುತ್ತಿದ್ದಾಗ, ಹೊಳೆಯಲ್ಲಿ ತೇಲಿ ಬಂದ ಮರದ ದಿಮ್ಮಿ ದೋಣಿಯ ಹಿಂಬದಿಗೆ ಬಡಿಯಿತು. ಒಡೆದಲ್ಲಿಂದ ನೀರು ನುಗ್ಗಿತು, ಎಂಜಿನ್ ನಿಂತಿತು. ಇವರು ಈಚೆ ದಡದಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದರು.

"ಅವರಿಗೆ ಈಜು ಬರ್ತಿತ್ತು. ಹಾರಿ, ಹಾರಿ ಅಂತ ನಾನು ಬೊಬ್ಬೆ ಹಾಕಿದೆ. ಹಾರಲಿಲ್ಲ. ಹಿಂದಿನ ಸೀಟಿನ ಹತ್ತಿರ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ದೋಣಿ ಮಗುಚುವವರೆಗೂ ಹಾಗೇ ಇದ್ದರು."

ಮರುದಿನ ಕೆಳಗಿನ ಊರಿನ ಬಂಡೆಗಳ ನಡುವೆ ಹೆಣ ಸಿಕ್ಕಿತಂತೆ. ದೋಣಿ ಅದಕ್ಕೂ ಕೆಳಗೆ. ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ತಲೆ ತಿರುಗಿರಬೇಕು ಎಂದು ಕೆಲವರು, ಕುಡಿದಿರಬೇಕು ಎಂದು ಕೆಲವರು, ಹೊಳೆಯೇ ಕರೆದದ್ದು ಎಂದು ಇನ್ನು ಕೆಲವರು. ಕಣ್ಣು ಮುಚ್ಚಿದರೆ ತನಗೆ ಗಂಡನ ಮುಖ ಕಾಣುವುದಿಲ್ಲ, ಬಗ್ಗಿದ ಬೆನ್ನು ಮಾತ್ರ ಕಾಣುತ್ತದೆ ಎಂದರು.

ನಾನು ಪಂಪಿನ ಬುಡದಲ್ಲೇ ವಯರು ಕತ್ತರಿಸಿ ನೇರ ಬ್ಯಾಟರಿಗೆ ಹಿಡಿದೆ. ಒಮ್ಮೆ ಕೆಮ್ಮಿ, ಅದು ತಿರುಗತೊಡಗಿತು. ಅವರು ಸ್ಟೂಲಿನಿಂದ ಎದ್ದುಬಿಟ್ಟರು. ಪಂಪು ಸರಿಯಾಗಿಯೇ ಇತ್ತು.

ವಯರನ್ನು ಸೀಳಿದೆ. ಒಳಗಿನ ತಾಮ್ರ ತಾಮ್ರದ ಬಣ್ಣದಲ್ಲಿರಲಿಲ್ಲ. ಕಪ್ಪಗಾಗಿ, ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಕಡಲಲ್ಲಿ ಓಡಿದ ದೋಣಿ. ಟೇಪು ಸುತ್ತಿದ ಜೋಡಣೆಯೊಂದರಿಂದ ಉಪ್ಪುನೀರು ಒಳಹೊಕ್ಕು, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ವಯರಿನುದ್ದಕ್ಕೂ ಏರಿತ್ತು. ದೋಣಿ ಸಿಹಿನೀರಿಗೆ ಬಂದ ಮೇಲೂ ಆ ಉಪ್ಪು ತಿನ್ನುವುದನ್ನು ಬಿಟ್ಟಿರಲಿಲ್ಲ.

ಕೊನೆಗೆ ಸ್ವಿಚ್ಚು. ಬಿಚ್ಚಿದಾಗ ಒಳಗೆ ಹಸಿರು ಕಿಲುಬು, ಅರೆದ ಸೊಪ್ಪಿನಂತೆ. ಒಂದಕ್ಕೊಂದು ತಾಗಬೇಕಾದ ತಗಡುಗಳಲ್ಲಿ ಒಂದು ಅರ್ಧ ಕರಗಿತ್ತು. ಹೊರಗಿನ ಗುಂಡಿ ಆನ್ ಕಡೆಗೆ ಒತ್ತಿದಲ್ಲೇ ಕಚ್ಚಿಕೊಂಡಿತ್ತು. ಅದರ ಬುಡದ ಪ್ಲಾಸ್ಟಿಕ್ಕು ಸೀಳಿತ್ತು.

ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಕೆಲಸದಲ್ಲಿ ಎಷ್ಟೋ ಸ್ವಿಚ್ಚು ಬಿಚ್ಚಿದ್ದೇನೆ. ಯಾವುದರಲ್ಲೂ ಒಬ್ಬ ಮನುಷ್ಯನ ಹೆಬ್ಬೆರಳು ಕಂಡದ್ದಿಲ್ಲ.

"ಎಂತ ಆದದ್ದು, ಹೇಳಿ," ಎಂದರು ಅವರು.

"ಇದು ಎಲ್ಲಿತ್ತು?"

"ಹಿಂದಿನ ಸೀಟಿನ ಕೆಳಗೆ."

"ಅವರು ಇದನ್ನು ಹಾಕಿದ್ದಾರೆ. ಒಂದು ಸಲ ಒತ್ತಿದರೆ ಬುಡ ಹೀಗೆ ಸೀಳುದಿಲ್ಲ. ಮತ್ತೆ ಮತ್ತೆ ಒತ್ತಿರಬೇಕು. ಆಮೇಲೆ ಯಾವುದಕ್ಕಾದರೂ ಬಡಿದು ಸೀಳಿರಲೂಬಹುದು, ನಾನು ಆಣೆ ಹಾಕಿ ಹೇಳ್ಲಿಕ್ಕೆ ಆಗುದಿಲ್ಲ. ಆದರೆ ಸೀಟಿನ ಅಡಿಯಲ್ಲಿ ಇದ್ದದ್ದಕ್ಕೆ ಎಂತ ಬಡಿಯುದು?"

ಅವರು ಸ್ವಿಚ್ಚನ್ನು ತೆಗೆದುಕೊಂಡು ತಮ್ಮ ಹೆಬ್ಬೆರಳನ್ನು ಅದರ ಮೇಲಿಟ್ಟರು. ಅಳಲಿಲ್ಲ.

"ಹಾಗಾದರೆ ಬಗ್ಗಿದ್ದು ಇದಕ್ಕೆ," ಎಂದರು. "ಕರೆದರೂ ಕೇಳದ ಹಾಗೆ ಇದ್ದರು ಅಂತ ನಂಗೆ ಅವರ ಮೇಲೆ ಸಿಟ್ಟಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾಯ್ತಾ ಇದ್ದರೋ ಏನೋ."

ಪಕ್ಕದ ಹೋಟೆಲಿನಿಂದ ಚಹಾ ತರಿಸಿದೆ. ಅದು ತಣ್ಣಗಾಯಿತು.

ಮುಂದಿನ ವಾರ ಹೊಸ ಪಂಪೂ ಸಾಮಾನೂ ಕಟ್ಟಿಕೊಂಡು ನಾನೇ ಕಡವಿಗೆ ಹೋದೆ. ಒಡೆದ ಹಿಂಬದಿಗೆ ಫೈಬರ್ ಹಚ್ಚಿ ಗಟ್ಟಿ ಮಾಡಿಸಿದ್ದರು. ಹಳೆಯ ವಯರಿನ ಒಂದು ತುಂಡನ್ನೂ ದೋಣಿಯಲ್ಲಿ ಉಳಿಸಲಿಲ್ಲ. ತವರ ಲೇಪದ ತಾಮ್ರದ ವಯರು ಎಳೆದೆ. ತಳದಲ್ಲಿ ಎಲ್ಲೂ ಜೋಡಣೆ ಬರದಂತೆ ಮೇಲಕ್ಕೆ ತಂದು, ಜೋಡಿಸಿದಲ್ಲಿ ಒಳಮೈಗೆ ಅಂಟು ಸವರಿದ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಬಿಸಿ ಮಾಡಿ, ಅದು ಕುಗ್ಗಿ ಅಂಟು ಹೊರಗಿಣುಕುವವರೆಗೆ ಕಾದೆ. ವಯರು ಸೇರುವ ಸ್ವಿಚ್ಚಿನ ಕಾಲುಗಳಿಗೆ ಗ್ರೀಸ್ ಹಚ್ಚಿದೆ, ಗುಂಡಿಗೆ ರಬ್ಬರ್ ಟೊಪ್ಪಿ ಹಾಕಿದೆ. ನೀರು ವಯರು ಹಿಡಿದು ಸ್ವಿಚ್ಚಿನೊಳಗೆ ಇಳಿಯದ ಹಾಗೆ ವಯರನ್ನು ಒಮ್ಮೆ ಕೆಳಗೆ ಬಾಗಿಸಿ ಮತ್ತೆ ಮೇಲಕ್ಕೆ ಒಯ್ದೆ. ಕರೆಂಟು ನಂಬುವುದೇ ಬೇಡವೆಂದು ಕೈಪಂಪೊಂದನ್ನೂ ಕೂರಿಸಿದೆ.

ಸ್ವಿಚ್ಚು ಎಲ್ಲಿರಬೇಕು ಎಂದು ಕೇಳಿದಾಗ ಅವರು ದೋಣಿಯಲ್ಲಿ ನಿಂತು, ಎದೆಯ ಎತ್ತರಕ್ಕೆ ಕೈ ತೋರಿಸಿದರು. "ಇಲ್ಲಿ. ಬಗ್ಗುವುದು ಬೇಡ." ಅದಕ್ಕಾಗಿಯೇ ಒಂದು ಪೈಪು ನಿಲ್ಲಿಸಬೇಕಾಯಿತು.

ತಳಕ್ಕೆ ಕೊಡದಲ್ಲಿ ನೀರು ಸುರಿದು ಗುಂಡಿ ಒತ್ತಲು ಹೇಳಿದೆ. ಪಂಪು ಗುಂಯ್‌ಗುಟ್ಟಿ ನೀರನ್ನು ಹೊಳೆಗೆ ಉಗುಳಿತು. ಆರಿಸಿದರು. ಮತ್ತೆ ಹಾಕಿದರು. ನೀರು ಮುಗಿದ ಮೇಲೂ ಹಾಕಿ, ಆರಿಸಿ, ಹಾಕಿದರು. ಬರಿದಾಗಿ ಓಡಿಸಿದರೆ ಹಾಳಾಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ನನ್ನ ಕಣ್ಣು ಹಿಂದಿನ ಸೀಟಿನ ಕಡೆಗೆ ಹೋಗುತ್ತಿತ್ತು. ಅಲ್ಲಿ ಯಾರೋ ಬೆನ್ನು ಹಾಕಿ ಕೂತಂತೆ ಅನಿಸಿ ಕಣ್ಣು ತಿರುಗಿಸುತ್ತಿದ್ದೆ.

ಅಂದಿನಿಂದ ಆ ಬೆನ್ನು ನನ್ನಲ್ಲಿಗೂ ಬಂದಿದೆ. ಅಂಗಡಿಯಲ್ಲಿ ಗುಂಡಿ ಒತ್ತುವುದಕ್ಕೂ ಮೋಟರು ತಿರುಗುವುದಕ್ಕೂ ನಡುವೆ ಎವೆಯಿಕ್ಕುವಷ್ಟು ಮೌನ ಇರುತ್ತದೆ. ಮೊದಲು ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ಪ್ರತಿ ಸಲವೂ ಆ ಮೌನದೊಳಗೆ ಹೊಳೆ ಕೇಳುತ್ತದೆ. "ಸ್ವಿಚ್ಚು ಹಾಕಿ ಎಂತ ಧ್ಯಾನ ಮಾಡುದು ಮಾರಾಯ್ರೆ?" ಎಂದು ಗಿರಾಕಿಗಳು ನಗುತ್ತಾರೆ.

ದೋಣಿಯನ್ನು ಈಗ ಅವರೇ ನಡೆಸುತ್ತಾರೆ. ಹೊಳೆ ಉಕ್ಕಿದ ದಿನ ದೋಣಿ ಬಿಡುವುದಿಲ್ಲ. ಎಷ್ಟು ದೊಡ್ಡವರು ಬಂದು ಕೇಳಿದರೂ ಇಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಮೊದಲ ಜನ ಹತ್ತುವ ಮೊದಲು ನನಗೆ ಫೋನು ಮಾಡುತ್ತಾರೆ. ಫೋನನ್ನು ಪಂಪಿನ ಹತ್ತಿರ ಹಿಡಿಯುತ್ತಾರೆ. ನಾನು ಕೆಲಸ ಬಿಟ್ಟು ಕೇಳುತ್ತೇನೆ. "ಓಡ್ತಾ ಉಂಟು," ಎಂದು ಇಡುತ್ತಾರೆ.

ಕಳೆದ ಆಟಿಯಲ್ಲಿ, ಮಳೆ ಬಿಡದ ಆ ತಿಂಗಳಲ್ಲಿ, ಒಂದು ಬೆಳಿಗ್ಗೆ ಫೋನು ಬರಲಿಲ್ಲ. ಜೋರು ಮಳೆ. ನಾನೇ ಮಾಡಿದೆ, ಕಾಲ್ ಹೋಗಲಿಲ್ಲ. ಮತ್ತೆ ಮಾಡಿದೆ. ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ಎಷ್ಟು ಹೊತ್ತು ಹಾಗೆ ಫೋನಿನ ಮೇಲೆ ಬಗ್ಗಿ ಕೂತಿದ್ದೆನೋ ತಿಳಿಯದು. ಕೊನೆಗೊಮ್ಮೆ ಅವರ ಸ್ವರ ಬಂತು.

"ಇಲ್ಲಿ ರೇಂಜೇ ಇರ್ಲಿಲ್ಲ. ಇವತ್ತು ದೋಣಿ ಬಿಡ್ಲಿಲ್ಲ, ನೀರು ಜಾಸ್ತಿ ಉಂಟು. ನಿಮಗೆ ಎಂತ ಆಯ್ತು? ಸ್ವರ ಯಾಕೆ ಹಾಗೆ?"

"ಎಂತ ಇಲ್ಲ," ಎಂದೆ.

ಅವರು, "ಚಾ ಕುಡಿದ್ರಾ?" ಎಂದು ಕೇಳಿದರು.