ಮುಂದಕ್ಕೆ ಹೋಗದ ಅರ್ಜಿ

ಬೆಳಗಾವಿಯ ಟಿಳಕವಾಡಿ ಬಡಾವಣೆಯ ಪುಟ್ಟ ಆಫೀಸಿನಲ್ಲಿ ನಾನು ವೆಬ್‌ಸೈಟ್ ಮಾಡುವವಳು. ಹೆಣ್ಣುಮಕ್ಕಳ ಹಾಸ್ಟೆಲ್ ಒಂದಕ್ಕೆ ಅರ್ಜಿಯ ಪುಟ ಮಾಡಿಕೊಟ್ಟಿದ್ದೆ. ಕೊನೆಯ ದಿನ ಮಧ್ಯಾಹ್ನ ಖಾನಾಪುರದ ಆಚೆಯ ಹಳ್ಳಿಯಿಂದ ಮೌಶಿ, ಅಂದರೆ ಅವ್ವನ ತಂಗಿ, ಫೋನ್ ಮಾಡಿದಳು.

“ಯವ್ವಾ, ಇದು ಮುಂದ ಹೋಗವಲ್ದು. ಒತ್ತಿ ಒತ್ತಿ ಸಾಕಾತು. ಐದಕ್ಕ ಮುಗೀತೈತಂತ!”

ಅರ್ಜಿ ಅವಳ ಮಗಳದು. ಹಾಸ್ಟೆಲ್ ಸಿಕ್ಕರೆ ಬೆಳಗಾವಿಯಲ್ಲಿ ನರ್ಸಿಂಗ್, ಇಲ್ಲದಿದ್ದರೆ ಓದು ಬಂದ್ ಎಂದು ಮೌಶಿಯ ಗಂಡ ಕಾಕಾ ಕಡ್ಡಿ ಮುರಿದಂತೆ ಹೇಳಿದ್ದರು. ಕೂಡಲೇ ಅರ್ಜಿಯ ಪುಟ ತೆರೆದು ನೋಡಿದೆ.

ನನ್ನ ಕಂಪ್ಯೂಟರಿನ ಎಲ್ಲ ಬ್ರೌಸರುಗಳಲ್ಲೂ ಅರ್ಜಿ ಸಲೀಸಾಗಿ ಹೋಗುತ್ತಿತ್ತು. ತಪ್ಪಿದ್ದರೆ ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಮೌಶಿಯ ಹಳೆಯ ಫೋನಿನ ಬ್ರೌಸರಿನಲ್ಲಿ ಆ ಕೆಂಪಕ್ಷರವೇ ಬರುತ್ತಿರಲಿಲ್ಲ. ತುಂಬಿದ್ದರ ಸ್ಕ್ರೀನ್‌ಶಾಟ್ ತೆಗೆದು ಕಳಿಸು ಎಂದೆ. ಉಳಿದದ್ದೆಲ್ಲ ಸರಿಯಿತ್ತು. ಮೊಬೈಲ್ ನಂಬರನ್ನು ಗಟ್ಟಿಯಾಗಿ ಓದಿದೆ. ಅವಳದೇ ನಂಬರ್, ಒಂದಂಕಿಯೂ ತಪ್ಪಿಲ್ಲ. ಮತ್ತೆ ಓದಿದೆ, ಮತ್ತೆ ಸರಿ. ತಲೆ ಕೆಟ್ಟುಹೋಯಿತು.

ಪಕ್ಕದಲ್ಲಿದ್ದ ಮೈಸೂರಿನ ಗೆಳತಿ ಬಗ್ಗಿ ನೋಡಿ, “ಇದೇನು, ನಂಬರ್‌ನ ಮರಾಠೀಲಿ ಬರ್ದಿದಾರೆ?” ಎಂದಳು.

ಖರೇ! ಚಿಕ್ಕಂದಿನಿಂದ ಅಂಗಡಿಯ ಬೋರ್ಡುಗಳಲ್ಲಿ ಓದಿದ ಅಂಕಿಗಳು. ನನ್ನ ಕಣ್ಣಿಗೆ ಬೇರೆ ಅನ್ನಿಸಿಯೇ ಇರಲಿಲ್ಲ. ಮೌಶಿ ಕಲಿತದ್ದು ಮರಾಠಿ ಶಾಲೆಯಲ್ಲಿ, ಫೋನಿನ ಕೀಬೋರ್ಡೂ ಮರಾಠಿಯದೇ. ನಂಬರ್ ಹೇಗಿರಬೇಕೆಂದು ಪರೀಕ್ಷಿಸುವ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ನನ್ನ ಕೋಡಿನ ಒಂದು ಸಾಲು ಮಾತ್ರ ಇಂಗ್ಲಿಷ್ ಅಂಕಿಯನ್ನು ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡುತ್ತಿರಲಿಲ್ಲ.

“ಮೌಶಿ, ನಂಬರ್ ಇಂಗ್ಲಿಷ್‌ನಾಗ ಹೊಡಿ” ಎಂದೆ. ಅರ್ಜಿ ಹೋಯಿತು.

ಆ ಸಾಲನ್ನು ಈಗಲೇ ತಿದ್ದುತ್ತೇನೆ ಎಂದರೆ ಆಫೀಸಿನ ಮಾಲೀಕರು ಒಪ್ಪಲಿಲ್ಲ. “ಕಡೀ ದಿನ ಕೈ ಹಚ್ಚಬ್ಯಾಡ್ರಿ. ಯಾರ ಬರೀತಾರ್ರೀ ಮರಾಠಿ ಅಂಕಿ?”

“ನಮ್ಮ ಮೌಶಿ ಬರೀತಾಳ್ರಿ” ಎಂದು ರೇಗಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಅಂಕಿ ನಡೆಯುವಂತೆ ತಿದ್ದಿ, ಹಳೆಯ ಫೋನಿನಲ್ಲೂ ತಪ್ಪು ಕಾಣುವಂತೆ ಮಾಡುವಷ್ಟರಲ್ಲಿ ಐದಾಗುತ್ತ ಬಂದಿತ್ತು.

ಮೌಶಿಯ ಮಗಳಿಗೆ ಹಾಸ್ಟೆಲ್ ಸಿಕ್ಕಿತು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಮೊದಲ ಸಲ ಬಂದಾಗ ರೊಟ್ಟಿ ಮುರಿಯುತ್ತ ಸಹಜವಾಗಿ ಹೇಳಿದಳು: “ನಂದಗಡದ ನನ್ನ ಮರಾಠಿ ಸಾಲಿ ಗೆಳತಿನೂ ಇಲ್ಲೇ ಬರಾಕಿ ಇದ್ಲು, ಅಕ್ಕಾ. ಬಟನ್ ಕೆಟ್ಟೈತಿ ಅಂತ ಅರ್ಜಿ ಹಾಕೂದ ಬಿಟ್ಟಳಂತ. ಈಗ ಮನ್ಯಾಗ ಅದಾಳ.”

ನಾನು ಪಲ್ಯ ಬಡಿಸುತ್ತಿದ್ದೆ. ಆ ಹುಡುಗಿಗೆ ಟಿಳಕವಾಡಿಯಲ್ಲಿ ಫೋನ್ ಮಾಡಲು ಅಕ್ಕ ಇರಲಿಲ್ಲ.