ತಮ್ಮನ ಬೆಂಚಿನಲ್ಲಿ ನಾನು

ಆಟಿಸಂ ಎಂಬ ಪದ ಹೊಳೆನರಸೀಪುರದಿಂದ ಬಸ್ಸು ಹತ್ತಿ ನಮ್ಮೂರಿಗೆ ಇನ್ನೂ ಬಂದಿರದ ಕಾಲವದು. ನನ್ನ ತಮ್ಮ ಚಂದುವನ್ನು ಎಲ್ಲರೂ ‘ಒಂಥರಾ ಹುಡ್ಗ’ ಅನ್ನುತ್ತಿದ್ದರು. ಮಾತು ಕಡಿಮೆ. ಹಿಂಸೆಯಾದರೆ ಕಿವಿ ಮುಚ್ಚಿಕೊಂಡು ‘ಊಂ’ ಎಂದು ಗುನುಗುತ್ತಿದ್ದ, ಇಲ್ಲವೇ ಎದ್ದು ಓಡುತ್ತಿದ್ದ. ಅಂಥವನನ್ನೂ ಶಾಲೆಗೆ ಸೇರಿಸಿಕೊಂಡರೆಂದು ಹೆಡ್‌ಮಾಸ್ಟರನ್ನು ಊರೆಲ್ಲ ಕೊಂಡಾಡಿತು. ಅವರು ಹಾಕಿದ್ದು ಒಂದೇ ಷರತ್ತು: ಅಕ್ಕನಾದ ನಾನು ಅವನ ಪಕ್ಕ ಕೂತು ಹಿಡಿದುಕೊಂಡಿರಬೇಕು. ಹೀಗಾಗಿ ಆ ವರ್ಷವೆಲ್ಲ ನನ್ನ ಹಾಜರಿ ಆರನೇ ಕ್ಲಾಸಿನಲ್ಲಿ, ನಾನು ಮೂರನೇ ಕ್ಲಾಸಿನಲ್ಲಿ.

ಆ ಪುಟ್ಟ ಬೆಂಚಿನಲ್ಲಿ ನನ್ನ ಕಾಲೇ ಹಿಡಿಸುತ್ತಿರಲಿಲ್ಲ. ಓಡದಿರಲೆಂದು ಚಂದುವನ್ನು ಗೋಡೆಗೊತ್ತಿ, ಮಣಿಕಟ್ಟು ಹಿಡಿದು ಕೂರುತ್ತಿದ್ದೆ. ಬಿಸಿಯೂಟದ ಸಾಂಬಾರಿನ ವಾಸನೆ ಬರುವವರೆಗೂ ಅದೇ ಮಗ್ಗಿ, ಅದೇ ಪದ್ಯ. ಕಿಟಕಿಯಾಚೆ ನನ್ನ ಕ್ಲಾಸಿನವರು ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಖೋಖೋ ಆಡುತ್ತಿದ್ದರು. ಓಟದಲ್ಲಿ ನನ್ನನ್ನು ಮೀರಿಸುವವರು ಅವರಲ್ಲಿ ಯಾರೂ ಇರಲಿಲ್ಲ.

ಹೋಬಳಿ ಆಟಕ್ಕೆ ತಂಡ ಆರಿಸುವ ದಿನ ಗೆಳತಿ ಸೌಮ್ಯ ಕಿಟಕಿಗೆ ಬಂದಳು. “ಬಾರೇ, ಆಮೇಲೆ ಬಂದ್ರೆ ಸೇರಿಸ್ಕಳಲ್ವಂತೆ!”

ನಾನೆದ್ದೆ.

“ನೀನೋದ್ರೆ ಇವನ್ನ ಯಾರೇ ಇಡ್ಕಳದು?” ಎಂದರು ಮಿಸ್ಸು. ಓಡಿಯೇಬಿಟ್ಟೆ.

ತಂಡಕ್ಕೆ ಆಯ್ಕೆಯಾದೆ. ಆದರೆ ಚಂದು ಓಡಿಹೋಗಿರುತ್ತಾನೆ ಎಂದುಕೊಂಡೇ ವಾಪಸು ಬಂದೆ. ಇಣುಕಿದರೆ ಮಕ್ಕಳು ಮಗ್ಗಿ ಕೂಗುತ್ತಿದ್ದಾರೆ; ಚಂದು ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬೆರಳಲ್ಲಿ ಮರದ ಗೆರೆ ಸವರುತ್ತಿದ್ದಾನೆ.

“ಇವತ್ತು ಉಸ್ರೆತ್ಲಿಲ್ಲ ಕಣೇ,” ಎಂದರು ಮಿಸ್ಸು, ತಾವೇ ಬೆರಗಾಗಿ. ನನಗೆ ಬಿಡುಗಡೆಯಾಯಿತೆಂದು ಅಂಗಳದಲ್ಲಿ ಕುಣಿದಾಡಿಬಿಟ್ಟೆ.

ಸಂಜೆ ಹೆಡ್‌ಮಾಸ್ಟರು ಅವ್ವನನ್ನು ಕರೆಸಿದರು. “ಒಂದಿನ ಸುಮ್ಕಿದ್ದ ಅಂತ ದಿನಾ ಇರ್ತಾನೇನಮ್ಮ? ಇವ್ಳು ಆಟಕ್ಕೋದ್ರೆ ಅವ್ನೂ ಮನೇಲೇ ಇರ್ಲಿ.”

“ಬುಡಿ ಸಾ, ಕೂರ್ತಾಳೆ,” ಎಂದಳು ಅವ್ವ, ನನ್ನ ಮುಖ ನೋಡದೆ. ದಾರಿಯುದ್ದಕ್ಕೂ ಅತ್ತೆ. ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿ, “ಈ ಇಸ್ಕೂಲ್ ಬುಟ್ರೆ ಅವನ್ಗೆ ಇನ್ನೆಲ್ಲೈತವ್ವ?” ಎಂದಳು.

ಮರುದಿನ ಮತ್ತೆ ಚಂದುವನ್ನು ಗೋಡೆಗೊತ್ತಿ ಕೂತೆ. ಮಗ್ಗಿ ಶುರುವಾಗುವ ಮೊದಲೇ ಅವನು ಗುನುಗತೊಡಗಿದ.

“ನೋಡ್ದಾ? ಅದಕ್ಕೇ ನೀನಿರ್ಬೇಕು ಅನ್ನೋದು,” ಎಂದರು ಮಿಸ್ಸು.

ಹೋಬಳಿ ಆಟ ನಾನಿಲ್ಲದೆ ಮುಗಿಯಿತು. ಆರನೇ ಕ್ಲಾಸನ್ನು ಏನೂ ಕಲಿಯದೆ ಪಾಸು ಮಾಡಿದೆ. ಎಷ್ಟೋ ವರ್ಷದ ಮೇಲೆ, ಮೊನ್ನೆ ಚನ್ನರಾಯಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕ ಸೌಮ್ಯ ಆ ವರ್ಷದ ಕಥೆಗಳನ್ನು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ಒಂದರಲ್ಲೂ ನಾನಿರಲಿಲ್ಲ.

ಮನೆಗೆ ಬಂದು, ಮುದ್ದೆ ಉಣ್ಣುತ್ತಿದ್ದ ಚಂದುವನ್ನು ಕೇಳಿದೆ. “ನಾನು ಖೋಖೋಗೆ ಓಡೋದ್ನಲ್ಲ, ಅವತ್ತು ಎಂಗ್ಲಾ ಸುಮ್ಕೆ ಕೂತಿದ್ದೆ?”

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. “ಅವತ್ತು ಜಾಗ ಇತ್ತು ಕಣಕ್ಕ.”

ಕಳೆದುಕೊಂಡವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.