ಎರಡು ಸಲ ಕೆಮ್ಮಿದರೆ ಉಪ್ಪು

ದೋಣಿಕಾಕನ ಮೂಗಿನ ಹೊಳ್ಳೆಗಳು ದೊಡ್ಡವು, ಒಳಗೆ ನರೆತ ಕೂದಲು. ಬಂಟ್ವಾಳದ ಕಡವಿಗೆ ದೋಣಿ ತಾಗಿಸುವ ಮೊದಲು ಕಣ್ಣು ಮುಚ್ಚಿ, ಹೊಳೆಯ ಗಾಳಿಯನ್ನು ಗಂಜಿಯ ಹಬೆಯ ಹಾಗೆ ಎಳೆದುಕೊಳ್ಳುತ್ತಿದ್ದರು. ಅವರು ಮಂಗಳೂರಿನಿಂದ ಒಣಮೀನು ತರುವ ಬ್ಯಾರಿ. ನಾನು ಹೊಳೆಯ ಮರಳಲ್ಲಿ ಸೌತೆ ಬೆಳೆಸುವವಳು. ಮಳೆಗಾಲದಲ್ಲಿ ನಮ್ಮ ಸಾರಿನ ಪಾತ್ರೆಗೆ ಇವೆರಡು ಬಿಟ್ಟರೆ ಬೇರೇನೂ ಇರಲಿಲ್ಲ.

ಬಿರುಬೇಸಗೆಯಲ್ಲಿ ಕಡಲ ನೀರು ಹೊಳೆಯೊಳಗೆ ಏರಿ ಬರುತ್ತಿತ್ತು. ನಾಲಿಗೆಗೆ ತಿಳಿಯದಷ್ಟು ಉಪ್ಪಿದ್ದರೂ ಬಳ್ಳಿ ಕರಟುತ್ತಿತ್ತು. ಕಾಕ ಗಾಳಿ ಮೂಸಿ "ಇವತ್ತು ಹೊಯ್ಯಬೇಡಿ" ಎಂದರೆ ಬಳ್ಳಿಗೆ ನೀರು ಹೊಯ್ಯುವ ಹೆಂಗಸರೆಲ್ಲ ಕೊಡ ಕವುಚಿಡುತ್ತಿದ್ದರು.

"ಉಪ್ಪಿಗೆ ವಾಸನೆ ಉಂಟಾ ಕಾಕ?"

"ಉಪ್ಪಿಗೆ ಎಲ್ಲಿಯದು ಮಾರಾಯ್ತಿ? ಕಡಲಲ್ಲಿ ಕಣ್ಣಿಗೆ ಕಾಣದ ಜೀವಗಳುಂಟು. ಸಿಹಿನೀರು ತಾಗಿದ ಕೂಡಲೇ ಹೊಟ್ಟೆಯಲ್ಲಿದ್ದ ಗಂಧಕವನ್ನೆಲ್ಲ ಬಿಟ್ಟುಬಿಡ್ತವೆ. ಅದರ ವಾಸನೆ."

ಒಂದು ಬೇಸಗೆಯಲ್ಲಿ ಕಾಕ ಜ್ವರದಿಂದ ಎದ್ದು ಬಂದವರು, "ಸಿಹಿ ಉಂಟು, ಹೊಯ್ಯಿ" ಎಂದರು. ಉಳಿದವರು ಆಗಲೇ ಮನೆಗೆ ಹೋಗಿದ್ದರು. ನಾನೊಬ್ಬಳು ಹೊಯ್ದೆ. ಎರಡೇ ದಿನದಲ್ಲಿ ಎಲೆಗಳ ಅಂಚು ಸುಟ್ಟಿತು.

"ಮೂಗನ್ನು ಎಲ್ಲಿ ಬಿಟ್ಟು ಬಂದಿರಿ?" ಎಂದೆ. ನನಗೆ ಸುತ್ತಿ ಹೇಳಲು ಬರುವುದಿಲ್ಲ.

ಅವರು ಹುಟ್ಟು ಕೆಳಗಿಟ್ಟರು. "ಜ್ವರ ತೆಗೊಂಡು ಹೋಯ್ತು. ಯಾರಿಗೂ ಹೇಳ್ಬೇಡ. ಹೊಳೆ ಬಲ್ಲ ಮೂಗು ಅಂತ ನಂಬಿ ಮಂಗಳೂರಿನ ವ್ಯಾಪಾರಿಗಳು ನನ್ನ ದೋಣಿಗೆ ಸಾಮಾನು ಕೊಡ್ತಾರೆ. ಇಲ್ಲದಿದ್ದರೆ ಎಲ್ಲ ಲಾರಿಗೆ ಹಾಕ್ತಾರೆ."

"ನನ್ನ ಬಳ್ಳಿ?"

"ನಿನಗೆ ಮೂಗು ಉಂಟಲ್ಲ. ಕಲಿಸ್ತೇನೆ."

ವಾಸನೆ ತಿಳಿಯದ ಮನುಷ್ಯ ನನಗೆ ವಾಸನೆ ಕಲಿಸಿದರು. "ಮರುವಾಯಿ ಚಿಪ್ಪು ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಂದರೆ ಕಡಲು. ಕೊಳೆತ ಮೊಟ್ಟೆಯ ಹಾಗಿದ್ದರೆ ಬರೀ ಕೆಸರು, ಹೆದರ್ಬೇಡ." ಹೊಳೆ ಯಾವುದು, ಮಂಜು ಯಾವುದು ತಿಳಿಯದ ನಸುಕಿನಲ್ಲಿ ನಾನು ಮೂಸುತ್ತಿದ್ದೆ, ಅವರು ಕಣ್ಣು ಮುಚ್ಚಿ ಆ ವಾಸನೆಯನ್ನು ನೆನಪು ಮಾಡಿಕೊಳ್ಳುತ್ತಿದ್ದರು. ನಾನು ಒಮ್ಮೆ ಕೆಮ್ಮಿದರೆ ಸಿಹಿ, ಎರಡು ಸಲ ಕೆಮ್ಮಿದರೆ ಉಪ್ಪು. ಅದನ್ನು ಕೇಳಿ ಅವರು ತಾವೇ ಮೂಸಿದ ಹಾಗೆ ದೋಣಿಯಿಂದ ಹೆಂಗಸರಿಗೆ ಕೂಗಿ ಹೇಳುತ್ತಿದ್ದರು. "ಇವಳಿಗೆ ಕ್ಷಯ ಹಿಡಿದಿದೆ" ಎಂದು ಹೆಂಗಸರು ದೂರ ನಿಂತರು. ನಿಲ್ಲಲಿ ಎಂದು ಬಿಟ್ಟೆ.

ಐದು ಬೇಸಗೆ ಹೀಗೆ ಕಳೆಯಿತು. ಆರನೆಯದಕ್ಕೆ ಬೇರೆ ದೋಣಿಯವನು ಬಂದು, ಕಾಕ ತೀರಿಹೋದರು ಎಂದ. ನಾನು ಅಳಲಿಲ್ಲ. ಕೈಯಲ್ಲಿ ಕೊಡ ಇತ್ತು. ಅಷ್ಟರಲ್ಲಿ ಕೆಳಗೆ ಕಡಲ ಕಡೆಯಿಂದ ಗಾಳಿ ಬಂತು, ಬೆಂದ ಮರುವಾಯಿಯ ಗಾಳಿ. ಹೆಂಗಸರು ಹೊಳೆಗೆ ಇಳಿಯುತ್ತಿದ್ದರು. ಎರಡು ಸಲ ಕೆಮ್ಮಿದೆ. ಯಾರೂ ತಿರುಗಲಿಲ್ಲ.

"ಇವತ್ತು ಹೊಯ್ಯಬೇಡಿ!" ಎಂದು ಕೂಗಿದೆ.

"ನಿನಗೆ ಯಾರು ಹೇಳಿದ್ದು?"

"ಕಾಕ ಹೇಳಿದ್ದಾರೆ" ಎಂದೆ.

ಅವರು ಕೊಡ ಕವುಚಿಟ್ಟರು.